ಚೆನ್ನುವಿನ ಕೈಗುಣ

ಕಾವಿನ ಪೆಟ್ಟಿಗೆ ಗುತ್ತಿಗಾರಿನ ನಮ್ಮ ಮನೆಗೆ ಬಂದದ್ದು ೧೯೬೧ರ ಡಿಸೆಂಬರಿನಲ್ಲಿ. ಬ್ಲಾಕ್ ಆಫೀಸಿನ ಜೀಪಿನಲ್ಲಿ ಅದನ್ನು ತಂದು ಚಾವಡಿಯ ಪಕ್ಕದ ಕೋಣೆಯಲ್ಲಿ ಇಳಿಸಿದವರು ವೆಂಕಟ್ರಮಣ ಎಂಬ ವಿಸ್ತರಣಾಧಿಕಾರಿ. ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಲು ಊರಿನ ಮಹಿಳಾ ಮಂಡಳಿಗೆ ಕೊಟ್ಟ ಪೆಟ್ಟಿಗೆ ಅದು. ನಮ್ಮಲ್ಲಿ ಇಡುವುದೆಂದು ತೀರ್ಮಾನವಾದದ್ದು ನನ್ನ ದೆಸೆಯಿಂದ. ನಾನು ಮಂಗಳೂರಿನಲ್ಲಿ ಬಿ.ಎ. ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ಪೆಟ್ಟಿಗೆಯ ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ಓದಬಲ್ಲ ಹೆಂಗಸು ಸುತ್ತಿನಲ್ಲಿ ಬೇರೆ ಇರಲಿಲ್ಲ.

ಅಲ್ಲಿಯವರೆಗೆ ನಮ್ಮ ಕಡೆ ಕೋಳಿಯನ್ನು ಕಾವಿಗೆ ಕೂರಿಸುವುದೆಂದರೆ ಚೆನ್ನುವನ್ನು ಕರೆಯುವುದು. ಅವಳಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ, ನಮ್ಮ ಮನೆಯ ಕೆಳಗೆ ಹರಿಯುವ ತೋಡಿನ ಆಚೆ ಒಬ್ಬಳೇ ಇದ್ದಳು. ಬುಟ್ಟಿಗೆ ಉಮಿ ಹಾಕಿ, ಮೊಟ್ಟೆಗಳನ್ನು ಒಂದೊಂದಾಗಿ ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿಯೋ ತಣ್ಣಗೋ ನೋಡಿ ಇಡುತ್ತಿದ್ದಳು. ಅವಳು ಇಟ್ಟ ಹದಿಮೂರರಲ್ಲಿ ಹನ್ನೆರಡಾದರೂ ಒಡೆದು ಮರಿಯಾಗುತ್ತಿದ್ದವು. ಅವಳದ್ದು ಒಳ್ಳೆಯ ಕೈ ಎಂದು ಊರೆಲ್ಲ ಹೇಳುತ್ತಿತ್ತು. ಮರಿಗಳು ತಾಯಿಯನ್ನು ಬಿಟ್ಟ ಮೇಲೆ ಒಂದು ಮರಿ ಅವಳಿಗೆ, ಅದು ರೂಢಿ. ಅವಳ ಬದುಕು ನಡೆಯುತ್ತಿದ್ದದ್ದು ಹಾಗೆ ಬಂದ ಮರಿಗಳಿಂದ.

ಪೆಟ್ಟಿಗೆಯನ್ನು ನೋಡಲು ಎಲ್ಲರೂ ಬಂದಾಗ ಅವಳೂ ಬಂದಿದ್ದಳು. ಕಾಲಿರುವ ಮರದ ಪೆಟ್ಟಿಗೆ, ಎದುರಿಗೆ ಗಾಜಿನ ಬಾಗಿಲು, ಬದಿಯಲ್ಲಿ ಒಂದು ಸೀಮೆಎಣ್ಣೆ ದೀಪ. ದೀಪದ ಚಿಮಣಿಯ ಮೇಲೆ ಒಂದು ತಗಡಿನ ಮುಚ್ಚಳ, ತಕ್ಕಡಿಯ ಹಾಗೆ ಒಂದು ಕಡ್ಡಿಯ ತುದಿಯಲ್ಲಿ ತೂಗುತ್ತಿತ್ತು. ಒಳಗೆ ಶಾಖಮಾಪಕ. ನೂರ ಮೂರು ಡಿಗ್ರಿಯ ಹತ್ತಿರ ವೆಂಕಟ್ರಮಣ ಅವರೇ ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದರು.

"ನೂರ ಮೂರು ಅಂದ್ರೆ ಜ್ವರ ಅಲ್ವಾ?" ಎಂದು ನನ್ನ ಅತ್ತೆ ಪೂವಮ್ಮ ಕೇಳಿದರು. "ಕೋಳಿಗೆ ದಿನಾ ಜ್ವರವಾ?"

"ಕಾವು ಕೂತ ಕೋಳಿಯ ಹತ್ತಿರ ನೀವು ಹೋಗಿ ನೋಡಿ ಪೂವಮ್ಮ, ಜ್ವರ ಬಂದವರ ಹಾಗೆಯೇ ಸಿಡುಕುದು," ಎಂದರು ನೆರೆಮನೆಯ ತಿಮ್ಮಕ್ಕ. ಎಲ್ಲರೂ ನಕ್ಕರು.

ಆ ಮುಚ್ಚಳ ಯಾಕೆ ಎಂದು ಚೆನ್ನು ಕೇಳಿದಳು. ನಾನು ಮುಂದೆ ಬಂದು ಕಾಗದ ಹಿಡಿದುಕೊಂಡು ವಿವರಿಸಿದೆ. ಒಳಗೆ ಒಂದು ತೆಳು ತಗಡಿನ ಬಿಲ್ಲೆ ಉಂಟು, ಶಾಖ ಸಾಕಾದಾಗ ಅದು ಉಬ್ಬಿ ಕಡ್ಡಿಯನ್ನು ತಳ್ಳುತ್ತದೆ, ಮುಚ್ಚಳ ಏಳುತ್ತದೆ, ಹೆಚ್ಚಿನ ಶಾಖ ಹೊರಗೆ ಹೋಗುತ್ತದೆ. ಇಷ್ಟು ಸರಿಯಾಗಿಯೇ ಹೇಳಿದೆ. ಕಡ್ಡಿಯ ಮೇಲಿನ ಸ್ಕ್ರೂ ಎಂತಕ್ಕೆ ಎಂದು ತಿಮ್ಮಕ್ಕ ಕೇಳಿದಾಗ, "ಅದು ಶಾಖ ಹೆಚ್ಚು ಕಡಿಮೆ ಮಾಡುವುದಕ್ಕೆ," ಎಂದೆ. ದೀಪದ ಬತ್ತಿಯನ್ನು ಏರಿಸುವ ಕೀಲಿಯ ಹಾಗೆಯೇ ಅದು ಎಂದು ನಾನು ತಿಳಿದಿದ್ದೆ. ಹೆಚ್ಚು ತಿರುಗಿಸಿದರೆ ಬೇಗ ಬಿಸಿ, ಕಡಿಮೆ ತಿರುಗಿಸಿದರೆ ನಿಧಾನ. ವೆಂಕಟ್ರಮಣ ಅವರು ಆಗ ಜೀಪಿನ ಹತ್ತಿರ ಇದ್ದರು. ಹೋಗುವಾಗ ಅವರು ಹೇಳಿದ್ದು ಒಂದೇ: "ಸ್ಕ್ರೂ ನಾನು ಕೂರಿಸಿದ್ದೇನೆ. ಇನ್ನು ಮುಟ್ಟುದು ಬೇಡ."

ಹನ್ನೊಂದು ಮನೆಗಳಿಂದ ಅರುವತ್ತು ಮೊಟ್ಟೆ ಬಂತು. ತಿಮ್ಮಕ್ಕ ತಮ್ಮ ಕೆಂಪು ಹೇಂಟೆಯ ಎಂಟು ಮೊಟ್ಟೆ ಕೊಟ್ಟಿದ್ದರು. ಯಾವುದು ಯಾರದ್ದೆಂದು ಚೆನ್ನು ಮಸಿಯಲ್ಲಿ ಗುರುತು ಹಾಕಿದಳು. ದಿನಕ್ಕೆ ಎರಡು ಸಲ ಮೊಟ್ಟೆ ತಿರುಗಿಸಲು ಅವಳನ್ನೇ ಇಟ್ಟುಕೊಂಡೆವು. ಕೈಗುಣ ಇರುವವಳು ಮುಟ್ಟಿದರೆ ಪೆಟ್ಟಿಗೆಗೂ ಒಳ್ಳೆಯದೆಂದು ಅತ್ತೆ ಹೇಳಿದರು. ನಾನು ಒಳಗೊಳಗೇ ನಕ್ಕಿದ್ದೆ.

ಮೂರನೆಯ ದಿನ ಅವಳು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದು ಒಂದು ಮೊಟ್ಟೆಯನ್ನು ರೆಪ್ಪೆಗೆ ತಾಗಿಸಿ ನೋಡುತ್ತಿದ್ದಳು. ನಾನು ಗದರಿದೆ.

"ಶಾಖಮಾಪಕ ಇರುವಾಗ ಕಣ್ಣು ಯಾಕೆ? ನಾನು ಹೇಳದೆ ಇದರ ಯಾವುದನ್ನೂ ಮುಟ್ಟಬೇಡ."

"ಆಯ್ತಕ್ಕ," ಎಂದಳು. ಆಮೇಲೆ ಹಾಗೆಯೇ ನಡೆದುಕೊಂಡಳು.

ಹದಿನೇಳನೆಯ ದಿನ ಸುಬ್ರಹ್ಮಣ್ಯದಲ್ಲಿ ನಮ್ಮ ಮನೆಯ ಆಶ್ಲೇಷ ಪೂಜೆ ಇತ್ತು. ಏಳು ಗಂಟೆಯ ಬಸ್ಸು. ನಾನು ಪ್ರತಿದಿನ ಎದ್ದ ಕೂಡಲೇ ಪೆಟ್ಟಿಗೆ ನೋಡುವವಳು. ಆ ಬೆಳಗ್ಗೆ ಚಳಿ ಜೋರಾಗಿತ್ತು. ಶಾಖಮಾಪಕ ತೊಂಬತ್ತೊಂಬತ್ತು ತೋರಿಸುತ್ತಿತ್ತು. ಬತ್ತಿ ಏರಿಸಿದೆ. ಐದು ನಿಮಿಷ ನೋಡಿದೆ, ಪಾದರಸ ಏರಲಿಲ್ಲ. ಅತ್ತೆ ಅಂಗಳದಿಂದ ಕರೆಯುತ್ತಿದ್ದರು. ಆಗ ನಾನು ಸ್ಕ್ರೂವನ್ನು ತಿರುಗಿಸಿದೆ. ನಾಲ್ಕು ಸುತ್ತು. ಬೇಗ ಬಿಸಿಯಾಗಲಿ, ನೂರ ಮೂರು ತಲುಪಿದ ಮೇಲೆ ಮುಚ್ಚಳ ತಾನೇ ಏಳುತ್ತದಲ್ಲ ಎಂದುಕೊಂಡೆ.

ಸ್ಕ್ರೂ ಬೇಗ ಬಿಸಿ ಮಾಡುವುದಿಲ್ಲ. ಎಷ್ಟು ಬಿಸಿಯಾದಾಗ ಮುಚ್ಚಳ ಏಳಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ನಾಲ್ಕು ಸುತ್ತು ತಿರುಗಿಸಿ ನಾನು ಆ ಮುಚ್ಚಳಕ್ಕೆ ಏಳಲೇಬೇಡ ಎಂದು ಹೇಳಿದಂತಾಗಿತ್ತು. ಇದು ಈಗ ಗೊತ್ತು.

ಚೆನ್ನು ಅಷ್ಟರಲ್ಲಿ ಬಂದಳು. ನಾನು ಸ್ಕ್ರೂವಿನಿಂದ ಕೈ ತೆಗೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. "ಮೊಟ್ಟೆ ತಿರುಗಿಸು, ಬೇರೆ ಯಾವುದನ್ನೂ ಮುಟ್ಟಬೇಡ," ಎಂದು ಹೇಳಿ ನಾನು ಬಸ್ಸಿಗೆ ಓಡಿದೆ.

ಮರಳಿ ಬಂದಾಗ ಮೂರು ಗಂಟೆ. ಚೆನ್ನು ಪೆಟ್ಟಿಗೆಯ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದಳು.

"ಮುಚ್ಚಳ ಏಳ್ಲೇ ಇಲ್ಲ ಅಕ್ಕ. ಹತ್ತು ಗಂಟೆಗೇ ಕೆಂಪು ಗೀಟು ದಾಟಿತು. ನೀವು ಮುಟ್ಟಬೇಡ ಹೇಳಿದ್ದೀರಿ. ಒಲೆಯ ಹತ್ತಿರ ಕೂತ ಹಾಗೆ ಆಗ್ತಾ ಉಂಟು."

ಪಾದರಸ ನೂರ ಹನ್ನೊಂದರಲ್ಲಿತ್ತು. ಅತ್ತೆ ಇನ್ನೂ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ನಾನು ಚೆನ್ನುವನ್ನು ನೀರು ತರಲು ಕಳಿಸಿದೆ. ಅವಳು ಹೋದ ಕೂಡಲೇ ಸ್ಕ್ರೂವನ್ನು ನಾಲ್ಕು ಸುತ್ತು ಹಿಂದಕ್ಕೆ ತಿರುಗಿಸಿ, ಬತ್ತಿ ಇಳಿಸಿ, ಬಾಗಿಲು ತೆರೆದಿಟ್ಟೆ. ಮುಚ್ಚಳ ತಕ್ಷಣ ಎದ್ದಿತು. ಸಂಜೆಯ ಹೊತ್ತಿಗೆ ನೂರ ಮೂರು. ಯಾರಿಗೂ ಏನೂ ಹೇಳಲಿಲ್ಲ. ಮೊಟ್ಟೆಗಳಿಗೆ ಏನೂ ಆಗಿರಲಿಕ್ಕಿಲ್ಲ ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ.

ಇಪ್ಪತ್ತೊಂದನೆಯ ದಿನ ಹನ್ನೊಂದು ಮನೆಯವರೂ ಬಂದರು. ಒಂದು ಮೊಟ್ಟೆಯೂ ಒಡೆಯಲಿಲ್ಲ. ಇಪ್ಪತ್ತಮೂರನೆಯ ದಿನ ವೆಂಕಟ್ರಮಣ ಬಂದು ಎಲ್ಲರೆದುರು ಒಂದು ಮೊಟ್ಟೆಯನ್ನು ತಟ್ಟಿ ಒಡೆದರು. ಅದು ತಿಮ್ಮಕ್ಕನ ಗುರುತಿನದ್ದು. ಒಳಗೆ ರೆಕ್ಕೆ ಮೂಡಿದ ಮರಿ, ಒದ್ದೆಯಾಗಿ ಮಡಿಸಿಕೊಂಡಿತ್ತು. ಇನ್ನೂ ನಾಲ್ಕು ಒಡೆದರು, ಎಲ್ಲವೂ ಹಾಗೆಯೇ.

"ಸರಿಯಾಗಿಯೇ ಬೆಳೆದಿವೆ. ಹದಿನಾರು, ಹದಿನೇಳನೆಯ ದಿನ ಹೋಗಿವೆ. ಶಾಖ ಮೀರಿದೆ," ಎಂದರು. "ಸ್ಕ್ರೂ ಯಾರಾದರೂ ಮುಟ್ಟಿದ್ದೀರಾ?"

ಅತ್ತೆ ನನ್ನ ಮುಖ ನೋಡಿದರು, ಉತ್ತರ ಹೇಳಬೇಕಾದವಳು ನಾನೆಂದು. ನಾನು ಮಾತನ್ನು ಅಳೆದು ಆಡುವವಳು. ಕಾಲೇಜಿನಲ್ಲಿ ಅದಕ್ಕೆ ನನ್ನನ್ನು ಹೊಗಳುತ್ತಿದ್ದರು. ಆ ದಿನವೂ ಅಳೆದೇ ಆಡಿದೆ.

"ಹದಿನೇಳನೆಯ ದಿನ ನಾವು ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ಬೆಳಗ್ಗೆಯಿಂದ ಮೂರರವರೆಗೆ ಇಲ್ಲಿ ಚೆನ್ನು ಒಬ್ಬಳೇ ಇದ್ದಳು."

ಇದರಲ್ಲಿ ಒಂದೂ ಸುಳ್ಳಿಲ್ಲ. ಎಲ್ಲರೂ ಚೆನ್ನುವಿನ ಕಡೆ ತಿರುಗಿದರು. ಅವಳು ನನ್ನನ್ನು ನೋಡಿದಳು, ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾನು ಮುಟ್ಟಲಿಲ್ಲ," ಎಂದಳು. ಅಷ್ಟೇ.

"ಮುಟ್ಟದೆ ಅರುವತ್ತು ಮೊಟ್ಟೆ ಬೆಂದು ಹೋಗ್ತದಾ ಮಾರಾಯ್ತಿ?" ಎಂದರು ತಿಮ್ಮಕ್ಕ.

ಆ ತಿಂಗಳು ತಿಮ್ಮಕ್ಕ ತಮ್ಮ ಇನ್ನೊಂದು ಹೇಂಟೆಯನ್ನು ತಾವೇ ಕೂರಿಸಿದರು. ಇನ್ನೆರಡು ಮನೆಯವರು ಕೊಲ್ಲಮೊಗ್ರಿನಿಂದ ಯಾರನ್ನೋ ಕರೆಸಿದರು. ಚೆನ್ನುವಿನ ಕೈ ಹೋಗಿದೆ ಎಂಬ ಮಾತು ಬಾವಿಕಟ್ಟೆಯಲ್ಲಿ ನನ್ನ ಕಿವಿಗೇ ಬಿತ್ತು. ಅವಳ ಅಂಗಳದಲ್ಲಿ ಹತ್ತು ಹನ್ನೆರಡು ಕೋಳಿ ಇರುತ್ತಿದ್ದವು. ಒಂದೊಂದಾಗಿ ಮಾರಿ ಜನವರಿ ಕೊನೆಗೆ ಮೂರು ಉಳಿದಿದ್ದವು. ತೋಡಿನ ಈಚೆಯಿಂದ ನಾನು ದಿನವೂ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾರದೆ ತಿಮ್ಮಕ್ಕನ ಮನೆಗೆ ಹೋದೆ. ಅವರು ಹಪ್ಪಳ ಒಣಗಿಸುತ್ತಿದ್ದರು.

"ತಿಮ್ಮಕ್ಕ, ಅವತ್ತು ಸ್ಕ್ರೂ ತಿರುಗಿಸಿದ್ದು ನಾನು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮುಖದಲ್ಲಿ ಪ್ರೀತಿ ಮೂಡಿತು. ನಾನು ಹೆದರಿದ್ದು ಆ ಪ್ರೀತಿಗೆ.

"ಅವಳು ಬಂದು ಅತ್ತಳಾ? ಪಾಪ ಅಂತ ಕಂಡಿತಲ್ಲ ನಿಮಗೆ. ಓದಿದವರ ಮನಸ್ಸೇ ಬೇರೆ. ಇನ್ನೊಬ್ಬರ ತಪ್ಪನ್ನು ತಲೆಗೆ ಹಾಕಿಕೊಳ್ಳುದು ಬೇಡ ದಮಯಂತಿ, ಹೋಗಿ."

ನಾನು ಮತ್ತೆ ಹೇಳಿದೆ. ಅವರು ನನ್ನ ಕೈಗೆ ನಾಲ್ಕು ಹಪ್ಪಳ ಕೊಟ್ಟು ಕಳಿಸಿದರು. ಮರುದಿನ ಬಾವಿಕಟ್ಟೆಯಲ್ಲಿ ನನ್ನ ದೊಡ್ಡ ಗುಣದ ಮಾತು. ಚೆನ್ನುವಿನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಈಗ ಅವಳು ಸುಳ್ಳಿ ಮಾತ್ರವಲ್ಲ, ಒಳ್ಳೆಯ ಮನೆಯ ಸೊಸೆಯಿಂದ ಸುಳ್ಳು ಹೇಳಿಸಿದವಳು.

ಬಾಯಿಮಾತಿಗೆ ಬೆಲೆ ಇಲ್ಲ ಎಂದು ಅರ್ಥವಾಯಿತು. ಫೆಬ್ರವರಿಯ ಮಂಡಳಿ ಸಭೆ ನಮ್ಮ ಚಾವಡಿಯಲ್ಲೇ ನಡೆಯುವುದಿತ್ತು. ಅತ್ತೆಗೆ ಮೊದಲೇ ಹೇಳಿದೆ. ಅವರು ಎಲೆಗೆ ಸುಣ್ಣ ಸವರಿ ಮಡಿಸಿದರು.

"ಮನೆಯ ಮರ್ಯಾದೆ ಹೋಗ್ತದೆ," ಎಂದರು. ಆಮೇಲೆ, "ಚೆನ್ನುವನ್ನು ಬರ್ಲಿಕ್ಕೆ ಹೇಳು. ಕರೆಯದೆ ಅವಳು ಬರುದಿಲ್ಲ."

ಸಭೆಯ ದಿನ ಬೆಳಗ್ಗೆ ಖಾಲಿ ಪೆಟ್ಟಿಗೆಯನ್ನು ಚಾವಡಿಗೆ ತರಿಸಿ ದೀಪ ಹಚ್ಚಿದೆ. ಹೆಂಗಸರು ಬಂದು ಹೊಲಿಗೆ ತೆಗೆದು ಕೂತರು. ಚೆನ್ನು ಬಾಗಿಲ ಹೊರಗೆ ಜಗಲಿಯಲ್ಲಿ. ಪಾದರಸ ಕೆಂಪು ಗೀಟಿಗೆ ಬಂದಾಗ ಮುಚ್ಚಳ ಎದ್ದಿತು. ಎಲ್ಲರನ್ನೂ ಹತ್ತಿರ ಕರೆದು ತೋರಿಸಿದೆ. ಆಮೇಲೆ ಅವರ ಎದುರಿಗೇ ಸ್ಕ್ರೂವನ್ನು ತಿರುಗಿಸಿದೆ. ಎಣಿಸುತ್ತಾ, ನಾಲ್ಕು ಸುತ್ತು. ಮುಚ್ಚಳ ಕೂತಿತು.

"ಆಶ್ಲೇಷ ಪೂಜೆಯ ದಿನ ಬೆಳಗ್ಗೆ ನಾನು ಮಾಡಿದ್ದು ಇದು. ಬೇಗ ಬಿಸಿಯಾಗುತ್ತದೆ ಅಂತ ತಿಳಿದಿದ್ದೆ. ಈಗ ನೋಡಿ."

ಹೊಲಿಗೆ ನಿಂತಿತು. ನೂರ ಐದು. ನೂರ ಏಳು. ಯಾರೋ ಕೆಮ್ಮಿದರು. ಬಿಸಿಲು ಚಾವಡಿಗೆ ಇಳಿಯುವ ಹೊತ್ತಿಗೆ ನೂರ ಹತ್ತು. ಮುಚ್ಚಳ ಏಳಲಿಲ್ಲ. ತಿಮ್ಮಕ್ಕ ಎದ್ದು ಬಂದು ಗಾಜಿನ ಬಾಗಿಲಿಗೆ ಅಂಗೈ ಇಟ್ಟು, ತಕ್ಷಣ ತೆಗೆದರು.

"ಮೂರು ಗಂಟೆಗೆ ಬಂದು ಯಾರಿಗೂ ಗೊತ್ತಾಗದ ಹಾಗೆ ಹಿಂದಕ್ಕೆ ತಿರುಗಿಸಿದೆ," ಎಂದೆ. ಇದನ್ನು ಹೇಳುವುದು ಮೊದಲಿನದ್ದಕ್ಕಿಂತ ಕಷ್ಟವಾಯಿತು. "ಚೆನ್ನುವನ್ನು ನೀರಿಗೆ ಕಳಿಸಿ."

ತಿಮ್ಮಕ್ಕನ ಮುಖದಲ್ಲಿ ಈಗ ಪ್ರೀತಿ ಇರಲಿಲ್ಲ. ಅವರು ನನ್ನ ಜೊತೆ ಮಾತಾಡಲಿಲ್ಲ. ಹೊರಗೆ ತಿರುಗಿ, "ಚೆನ್ನು, ಇದನ್ನು ನೀನು ನೋಡಿದ್ದೆಯಾ?" ಎಂದು ಕೇಳಿದರು.

"ಬೆಳಗ್ಗೆಯದ್ದು ನೋಡಿದ್ದೇನೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಂಬ್ತಿದ್ದಿರಾ? ಅವರೇ ಬಂದು ಹೇಳಿದ್ದನ್ನು ನೀವು ನಂಬ್ಲಿಲ್ಲ."

ಯಾರೋ ಒಬ್ಬರು ನಗಲು ಹೋಗಿ ನಿಲ್ಲಿಸಿದರು. ತಿಮ್ಮಕ್ಕ ಸೆರಗು ಸರಿಮಾಡಿಕೊಂಡರು.

"ನಮ್ಮ ಕೆಂಪು ಹೇಂಟೆ ಈಗ ಕಾವಿಗೆ ಬಂದುಂಟು. ನಾನು ಕೂರಿಸಿದ್ದರಲ್ಲಿ ಐದೇ ಒಡೆದದ್ದು. ನೀನು ಬಾ."

"ಬರ್ತೇನೆ. ಈ ಸಲ ಮರಿ ಎರಡು."

"ಎರಡಾ?"

"ಎರಡು ತಿಂಗಳು ಕೆಲಸ ಇಲ್ಲದೆ ಕೂತಿದ್ದೇನಲ್ಲ ತಿಮ್ಮಕ್ಕ. ಅಷ್ಟು ಹೊತ್ತು ಕೋಳಿಯೂ ಕೂರುದಿಲ್ಲ."

ಈಗ ಎಲ್ಲರೂ ನಕ್ಕರು. ತಿಮ್ಮಕ್ಕನೂ ನಕ್ಕರು. ನಗುವಿನ ನಡುವೆ ಹೆಂಗಸರು ಹೊಲಿಗೆ ಮಡಿಸಿ ಎದ್ದರು. ಹೋಗುತ್ತೇವೆಂದು ಅತ್ತೆಗೆ ಹೇಳಿದರು, ನನಗೆ ಹೇಳಲಿಲ್ಲ.

ನಾನು ಜಗಲಿಗೆ ಹೋದೆ. ಚೆನ್ನು ಮೆಟ್ಟಿಲ ಹತ್ತಿರ ನಿಂತಿದ್ದಳು.

"ಚೆನ್ನು, ನನ್ನಿಂದ ತಪ್ಪಾಯಿತು. ಆ ಸ್ಕ್ರೂ ನನಗೆ ತಿಳಿಯಲಿಲ್ಲ."

"ಸ್ಕ್ರೂ ಬಿಡಿ ಅಕ್ಕ. ಅದು ತಿಳಿಯದೆ ಆದದ್ದು. ನನಗೂ ತಿಳಿಯುದಿಲ್ಲ." ಅವಳು ದನಿ ಏರಿಸಲಿಲ್ಲ. "ಅಧಿಕಾರಿಯ ಎದುರು ಹೇಳಿದಿರಲ್ಲ, ಚೆನ್ನು ಒಬ್ಬಳೇ ಇದ್ದಳು ಅಂತ. ಅದು ತಿಳಿದೇ ಹೇಳಿದ್ದಲ್ವಾ?"

ಅಳೆದು ಆಡಲು ನನ್ನ ಹತ್ತಿರ ಹಲವು ಮಾತುಗಳಿದ್ದವು. ಹೆದರಿದ್ದೆ, ಎಲ್ಲರೂ ನೋಡುತ್ತಿದ್ದರು, ಹೇಳಿದ್ದು ಸುಳ್ಳೇನಲ್ಲ. ಒಂದೊಂದನ್ನೂ ಬಾಯಿಯವರೆಗೆ ತಂದು ಬಿಟ್ಟೆ.

"ಹೌದು," ಎಂದೆ. "ತಿಳಿದೇ ಹೇಳಿದ್ದು."

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಬೈಯಲೂ ಇಲ್ಲ. ಗದ್ದೆಯ ಬದುವಿನಲ್ಲಿ ತಿಮ್ಮಕ್ಕ ನಿಂತು ಅವಳಿಗಾಗಿ ಕಾಯುತ್ತಿದ್ದರು. ಚೆನ್ನು ಮೆಟ್ಟಿಲಿಳಿದು, ಅವಸರ ಮಾಡದೆ, ಅವರ ಹಿಂದೆ ಹೋದಳು.