ಮುಂಗಡ ಚಪ್ಪಾಳೆ

“ಹಲ್ಲು ಬಿಡಬೇಡ್ರೇ ಮುಂಡೇವಾ. ನಗೋದು ಆಗ್ಲೇ ಮುಗೀತು. ಈಗ ಅಳೋದು.”

ಟೀವಿ ಸ್ಟುಡಿಯೋದಲ್ಲಿ ನಮ್ಮನ್ನು ಕಾಯುವ ಮೇಸ್ತ್ರಿ ಮಾತಾಡುವುದೇ ಹೀಗೆ. ಮನೆಗೆಲಸದವರು, ಕಸ ಗುಡಿಸುವವರು, ಹೊಲಿಗೆಯವರು, ನಾವೆಲ್ಲ ದಿನಗೂಲಿಯ ಪ್ರೇಕ್ಷಕರು. ವ್ಯಾನಿನಲ್ಲಿ ತುಂಬಿಕೊಂಡು ಬಂದು, ಲಕ್ಷಣವಾಗಿದ್ದವರನ್ನು ಮುಂದೆ, ಉಳಿದವರನ್ನು ಹಿಂದೆ ಕತ್ತಲಲ್ಲಿ ಕೂರಿಸುತ್ತಾರೆ. ಕಾರ್ಯಕ್ರಮ ಆಮೇಲೆ. ಮೊದಲು ಖಾಲಿ ವೇದಿಕೆ ನೋಡುತ್ತ ನಗಬೇಕು, ಅಳಬೇಕು, ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ಕ್ಯಾಮೆರಾ ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದವರ ಮಾತಿಗೆ ಆಮೇಲೆ ಅಂಟಿಸುತ್ತಾರೆ.

ನಾನು ಚೆನ್ನಾಗಿ ಅಳುತ್ತೇನೆಂದು ಮುಂದಿನ ಸಾಲಿನಲ್ಲೇ ಜಾಗ. ಅಂದೂ ಕಣ್ಣು ತುಂಬಿಕೊಂಡು ತಟ್ಟಿ ಕೂತೆ. ಆಮೇಲೆ ದೀಪ ಹತ್ತಿತು. ಸನ್ಮಾನ ಮಾಡಿಸಿಕೊಳ್ಳಲು ಬಂದವನು ಲಾಂಡ್ರಿ ಮಾಲೀಕ.

ನನ್ನ ತಂಗಿ ಅವನ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಯಂತ್ರ ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು ಹೇಳಿದ್ದಳು. ಮಾಡಿಸಲಿಲ್ಲ. ಬಿಸಿ ಹಲಗೆ ಅವಳ ಬಲಗೈ ಮೇಲೆ ಮುಚ್ಚಿಕೊಂಡಿತು. ಬೆರಳುಗಳು ಅಂಟಿ ಕೈ ಸೌಟಿನಂತಾಗಿದೆ. ಆಸ್ಪತ್ರೆಯಿಂದ ಬಂದವಳನ್ನು ಗೇಟಿನಲ್ಲೇ ನಿಲ್ಲಿಸಿ, “ಒಂದು ಕೈಯೋಳು ನಂಗ್ಯಾಕೆ” ಅಂದಿದ್ದ.

ಈಗ ಅವನ ಬಿರುದು ‘ಕಾರ್ಮಿಕರ ಅಪ್ಪ’. ನಿರೂಪಕಿ ಕಣ್ಣೊರೆಸಿಕೊಂಡಳು. ಅವಳದೂ ಕೂಲಿ ಅಳುವೇ, ರೇಟು ಬೇರೆ.

ಬಿಡುವಿನಲ್ಲಿ ಮೇಸ್ತ್ರಿಯ ಹತ್ತಿರ ಹೋದೆ.

“ಸಾರ್, ನನ್ನ ಚಪ್ಪಾಳೆ ವಾಪಸ್ ಕೊಡಿ.”

“ಏನ್ ಕೊಡ್ಬೇಕು?”

“ಚಪ್ಪಾಳೆ. ಆ ಬೋಳಿಮಗನಿಗೆ ಅಂಟಿಸ್ಬೇಡಿ. ಇವತ್ತಿನ ಕೂಲಿ ಬೇಡ ನಂಗೆ.”

ಅವನು ಕ್ಯಾಮೆರಾದವನನ್ನು ಕರೆದ. “ಇಲ್ ಬಾರೋ. ಈಯಮ್ಮಂಗೆ ಚಪ್ಪಾಳೆ ವಾಪಸ್ ಬೇಕಂತೆ, ಪೊಟ್ಟಣ ಕಟ್ಟಿ ಕೊಡು.” ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದ. “ಕೈ ನಿಂದು, ಸದ್ದು ನಮ್ದು. ಹೋಗಿ ಕೂತ್ಕೊ.”

ಭಾನುವಾರ ಮಧ್ಯಾಹ್ನ ನಮ್ಮ ಬೀದಿಯ ಮನೆಮನೆಯಲ್ಲೂ ಅದೇ. ಲಾಂಡ್ರಿಯವನು “ನನ್ನ ಕೆಲಸದವರೇ ನನ್ನ ಮಕ್ಕಳು” ಅನ್ನುತ್ತಾನೆ, ನಾನು ಕಣ್ಣೀರು ಸುರಿಸುತ್ತ ಎದ್ದು ತಟ್ಟುತ್ತೇನೆ. ತಂಗಿ ನೋಡಿದಳು. ಸುಟ್ಟ ಕೈಗೆ ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದ ಪಕ್ಕದ ಮನೆ ಅತ್ತೆಯೇ ಬಾಗಿಲಲ್ಲಿ ಬಂದು ನಿಂತಳು.

“ಮನುಷ್ಯ ಅಂಥಾ ಕೆಟ್ಟೋನಲ್ಲ ಕಣೇ. ನಿಮ್ಮಕ್ಕನೇ ಅಳ್ತಿದಾಳೆ ನೋಡು. ನೀನೇ ಎಲ್ಲೋ ನೋಡ್ಕೊಂಡು ಕೈ ಇಟ್ಟಿರ್ತೀಯ.”

“ಅತ್ತೆ, ನಾನು ಅತ್ತಿದ್ದು ಅವನಿಗಲ್ಲ. ಖಾಲಿ ವೇದಿಕೆಗೆ.”

“ಸುಮ್ನಿರೇ. ಕಣ್ಣಾರೆ ನೋಡ್ತಿದೀನಿ.”

ಟೀವಿ ಆರಿಸಿದೆ. ಗೋಡೆಯಾಚೆ ನಾನು ಇನ್ನೂ ತಟ್ಟುತ್ತಲೇ ಇದ್ದೆ. ಎದುರು ಮನೆಯಲ್ಲೂ.

ಚಾಕು ಹಿಡಿದು ಬೀದಿಗೆ ಬಂದೆ. ಮನೆಗಳಿಗೆ ಕೇಬಲ್ ಹಂಚುವ ಪೆಟ್ಟಿಗೆ ಕಂಬದ ಮೇಲಿದೆ. ಸ್ಟೂಲು ಹಾಕಿ ಹತ್ತಿದೆ. ಒಂದು ತಂತಿ ಕುಯ್ದೆ, ಎದುರು ಮನೆ ಬಾಯಿ ಮುಚ್ಚಿತು.

ಬಾಗಿಲುಗಳು ತೆರೆದವು. “ಯಾವಳೇ ಅವಳು ಬೇವರ್ಸಿ.” “ಇಳಿಸ್ರೋ ಅವಳನ್ನ.” ತಂಗಿಯ ಕೈ ಸುಟ್ಟ ದಿನ ಇಷ್ಟು ಜನ ಹೊರಗೆ ಬಂದಿರಲಿಲ್ಲ. ಯಾವನೋ ಕಲ್ಲೆತ್ತಿಕೊಂಡ. ಸ್ಟೂಲು ಅಲುಗಿತು. ಕೆಳಗೆ ನೋಡಿದರೆ ತಂಗಿ ಅದಕ್ಕೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ನಿಂತಿದ್ದಳು.

“ಇನ್ನೆಷ್ಟಿದಾವೆ ಅಕ್ಕಾ?”

“ದಪ್ಪಂದು ಒಂದಿದೆ, ಇಡೀ ಬೀದೀದು.”

“ಕುಯ್ಯಿ.”