ಎರಡು ಬೆರಳಿನ ವ್ಯವಹಾರ

ಎರಡು ಸಾವಿರದ ನಾಲ್ಕರಲ್ಲಿ, ಬಳ್ಳಾರಿಯಲ್ಲಿ ಮೂರು ದಿನ ತರಬೇತಿ ಮುಗಿಸಿ ಬಂದ ಆರೋಗ್ಯ ಕಾರ್ಯಕರ್ತ ಭೀಮರಾಜ ಉಪದೇಶ ಮಾಡುವುದನ್ನು ಬಿಟ್ಟ. ರೋಗಿಗೆ ಬುದ್ಧಿ ಹೇಳಬಾರದು, ಕೇಳಬೇಕು. ಬದಲಾಗುತ್ತೇನೆಂಬ ಮಾತು ಅವನ ಬಾಯಿಂದಲೇ ಬರಬೇಕು ಎಂದು ಕಲಿಸಿದ್ದರು. ಹನ್ನೊಂದು ವರ್ಷ ಬುದ್ಧಿ ಹೇಳಿಯೇ ಸಂಬಳ ತೆಗೆದುಕೊಂಡವನಿಗೆ ಇದು ಬೀಡಿ ಬಿಟ್ಟಷ್ಟೇ ಕಷ್ಟವಾಗಿತ್ತು.

ಮೊದಲ ಪ್ರಯೋಗಕ್ಕೆ ಸಿಕ್ಕವನು ಕೊಟ್ಟೂರಿನ ದನದ ದಲ್ಲಾಳಿ ಮರುಳಪ್ಪ. ಕ್ಷಯದ ಗುಳಿಗೆಯನ್ನು ಮೂರು ತಿಂಗಳು ನುಂಗಿ, ಕೆಮ್ಮು ನಿಂತಿತೆಂದು ಬಿಟ್ಟಿದ್ದ. ಇನ್ನೂ ಐದು ತಿಂಗಳು ನುಂಗಬೇಕಿತ್ತು. ಹಿಂದೊಮ್ಮೆ ಹೀಗೇ ಬಿಟ್ಟು ರೋಗ ಮರುಕಳಿಸಿತ್ತು; ಈ ಸಲವೂ ಬಿಟ್ಟರೆ ಮುಂದೆ ಯಾವ ಗುಳಿಗೆಯೂ ನಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮರುಳಪ್ಪನಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನೇ ಮತ್ತೆ ಹೇಳುವವರನ್ನು ಕಂಡರೆ ಅವನಿಗೆ ಸಿಟ್ಟು. ಭೀಮರಾಜ ಅವನ ಮನೆಯ ಕಟ್ಟೆಯ ಮೇಲೆ ಕೂತು ಮಾತು ತೆಗೆದ.

"ಯಜಮಾನ್ರ, ನಾನೇನೂ ಹೇಳಂಗಿಲ್ರಿ. ಗುಳಿಗಿ ನುಂಗಬೇಕಂತ ನಿಮಗ ಹತ್ತರಾಗ ಎಷ್ಟು ಮನಸೈತಿ?"

ಮರುಳಪ್ಪನ ಮುಖ ಅರಳಿತು. ಆಸ್ಪತ್ರೆಯವರು ಕಡೆಗೂ ವ್ಯವಹಾರಕ್ಕೆ ಬಂದಿದ್ದರು. ಹೆಗಲ ಟವೆಲ್ ತೆಗೆದು ಭೀಮರಾಜನ ಕೈಮೇಲೆ ಹಾಸಿ, ಅದರಡಿ ತನ್ನ ಕೈಹಾಕಿ, ಸಂತೆಯಲ್ಲಿ ಎತ್ತಿನ ಬೆಲೆ ಹೇಳುವಂತೆ ಗುಟ್ಟಾಗಿ ನಾಲ್ಕು ಬೆರಳು ಒತ್ತಿದ.

ನಾಲ್ಕು! ರೋಗಿ ಎಷ್ಟೇ ಹೇಳಲಿ, ಅದಕ್ಕಿಂತ ಕಡಿಮೆ ಯಾಕಲ್ಲ ಎಂದು ಕೇಳಿ; ಉತ್ತರ ಹುಡುಕುತ್ತ ಗುಣವಾಗುವ ಆಸೆಯನ್ನು ತಾನೇ ಬಾಯಿಬಿಡುತ್ತಾನೆ ಎಂದು ತರಬೇತಿಯಲ್ಲಿ ಹೇಳಿದ್ದರು.

"ನಾಕ್ಯಾಕ್ರಿ? ಎರಡ್ಯಾಕಲ್ಲ?"

ಮರುಳಪ್ಪ ಅವನನ್ನೇ ದಿಟ್ಟಿಸಿದ. ಮೂವತ್ತು ವರ್ಷದ ದಲ್ಲಾಳಿಕೆಯಲ್ಲಿ ಇಂಥ ಗಿರಾಕಿಯನ್ನು ನೋಡಿರಲಿಲ್ಲ. ಎರಡು ಬೆರಳು ಒತ್ತಿ ಟವೆಲ್ ಎಳೆದುಕೊಂಡ.

"ಆತು ಬಿಡಪ. ನಾಕು ವಾರ ನುಂಗಾನ ಅಂತಿದ್ದೆ. ನೀನ ಎರಡಕ್ಕ ಇಳಿಸಿದಿ. ನನಗೇನು ನಷ್ಟ?"

"ಅಯ್ಯೋ, ವಾರ ಅಲ್ರೀ! ಮನಸೆಷ್ಟೈತಿ ಅಂತ ಕೇಳಿದ್ದು. ಐದು ತಿಂಗಳು ನುಂಗಬೇಕ್ರಿ!"

"ಟವೆಲ್ ತೆಗದ ಮ್ಯಾಲ ಮಾತಿಲ್ಲ ತಮ್ಮ. ನಮ್ಮಪ್ಪ ಬಂದು ನಿಂತ್ರೂ ಇಲ್ಲ."

"ಮಾವಾರು ಸತ್ತು ಇಪ್ಪತ್ತು ವರ್ಸಾತು, ಅವರ್ಯಾಕ ಬರ್ತಾರ? ನೀವ ಹೊಂಟೀರಲ್ಲ ಅವರ ಕಡಿಗೆ," ಎಂದಳು ಒಳಗಿನಿಂದ ಹೆಂಡತಿ ಕೊಟ್ರಬಸಮ್ಮ.

ಮರುಳಪ್ಪ ಮಾತಿಗೆ ತಪ್ಪಲಿಲ್ಲ. ವಾರಕ್ಕೆ ಮೂರು ಸಲದಂತೆ ಎರಡು ವಾರ, ಕರೆಯುವ ಮೊದಲೇ ಆಸ್ಪತ್ರೆಗೆ ಬಂದು, ಭೀಮರಾಜನ ಕಣ್ಣೆದುರೇ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿ ಹೋದ. ಅಂಥ ಶಿಸ್ತಿನ ರೋಗಿ ತಾಲೂಕಿನಲ್ಲೇ ಇರಲಿಲ್ಲ. ಏಳನೆಯ ಸಲ ಬರಲಿಲ್ಲ.

ಭೀಮರಾಜ ಮತ್ತೆ ಅವನ ಮನೆಗೆ ಹೋದ. ಕಲಿತದ್ದನ್ನೆಲ್ಲ ಬಿಟ್ಟು ಬೈದ, ಹೆದರಿಸಿದ, ಕೈಮುಗಿದ. ಮರುಳಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಚಾ ಕುಡಿ," ಎಂದ. ಅಷ್ಟರಲ್ಲಿ ಕೆಮ್ಮು ಬಂತು. ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದ.

ಬಾಗಿಲವರೆಗೆ ಬಂದ ಕೊಟ್ರಬಸಮ್ಮ ದನಿ ತಗ್ಗಿಸಿದಳು. "ನೀನು ಆ ಮಾತು ಕೇಳದ ಇದ್ದಿದ್ರ ಇನ್ನೆರಡು ವಾರ ನುಂಗ್ತಿದ್ರಲ್ಲಪ್ಪ."

ಇನ್ನೆರಡು ವಾರ ನುಂಗಿದ್ದರೂ ಪ್ರಯೋಜನವಾಗುತ್ತಿರಲಿಲ್ಲ ಎಂದು ಭೀಮರಾಜ ಹೇಳಬಹುದಿತ್ತು. ಅವಳ ಮುಖ ನೋಡಿ, ತಾನು ತಂದಿದ್ದ ಗುಳಿಗೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೊರಟ.

"ಡಬ್ಬಿ ಒಯ್ಯೋ ತಮ್ಮ," ಒಳಗಿನಿಂದ ಮರುಳಪ್ಪ ಕೂಗಿದ, "ಹುಡುಗ್ರು ಮುಟ್ಯಾವು."

ಭೀಮರಾಜ ತಿರುಗಿ ಬಂದು ಡಬ್ಬಿ ಎತ್ತಿಕೊಂಡ.