ತಾತ ಹಿಡಿದ ಉಸಿರು

ಯಂತ್ರದ ಧ್ವನಿತರಂಗಗಳ ಶಕ್ತಿ ತಗ್ಗಿಸಲು ಮರೆತದ್ದು ಸ್ಕ್ಯಾನಿಂಗ್ ಡಾಕ್ಟರಮ್ಮ. ಲಿವರಿನ ಗಂಟನ್ನು ಬೆಳಗಿಸಿ ತೋರಿಸಲೆಂದು ಪರೀಕ್ಷೆಗೆ ಬಂದಿದ್ದ ಮುದುಕರ ರಕ್ತನಾಳಕ್ಕೆ ಚುಚ್ಚಿದ್ದ ಮದ್ದಿನ ಸೂಕ್ಷ್ಮ ಗುಳ್ಳೆಗಳೆಲ್ಲ ಆ ರಭಸಕ್ಕೆ ಒಡೆದು, ಪರದೆ ಕಪ್ಪಾಯಿತು. ಮದ್ದು ಇದ್ದದ್ದು ಒಂದೇ ಸೀಸೆ. ನರ್ಸಿನ ಮುಂದೆ ಮರ್ಯಾದೆ ಹೋದೀತೆಂದು ತಪ್ಪನ್ನು ಮುದುಕರ ತಲೆಗೆ ಕಟ್ಟಿದಳು: "ಉಸಿರು ಬಿಗಿಹಿಡೀರಿ ಅಂದ್ರೆ ಕೇಳ್ತೀರಾ ತಾತ? ಎಲ್ಲಾ ಹಾಳಾಯ್ತು. ಮುಂದಿನ ವಾರ ಬನ್ನಿ."

"ತಪ್ಪಾಯ್ತು ತಾಯಿ," ಎಂದು ಹೋದವರು ಮುಂದಿನ ವಾರ ಬೀಗುತ್ತ ಬಂದರು. "ದಿನಾ ನಮ್ಮಾಕೆ ಗಡಿಯಾರ ಹಿಡ್ಕೊಂಡು ಅಭ್ಯಾಸ ಮಾಡಿಸಿದ್ಲು. ಈಗ ನಲವತ್ತು ಸೆಕೆಂಡು ಹಿಡೀತೀನಿ!"

ಡಾಕ್ಟರಮ್ಮನ ಮುಖ ಹಿಡಿಯಷ್ಟಾಯಿತು. ಈ ಸಲ ಮೊದಲು ಶಕ್ತಿ ತಗ್ಗಿಸಿದಳು. ಗಂಟು ಸ್ಪಷ್ಟವಾಗಿ ಬೆಳಗಿತು.

"ಸಾಕು, ಉಸಿರಾಡಿ ತಾತ. ಅವತ್ತು ತಪ್ಪು ನಂದು, ನಿಮ್ಮದಲ್ಲ," ಎಂದಳು, ನರ್ಸಿಗೂ ಕೇಳುವಂತೆ.

ಕೆನ್ನೆ ಉಬ್ಬಿಸಿಕೊಂಡಿದ್ದ ತಾತ ಇಲ್ಲ ಇಲ್ಲವೆಂದು ತಲೆಯಾಡಿಸಿದರು. ಉಸಿರು ಮಾತ್ರ ಬಿಡಲಿಲ್ಲ.